ಮಗಳಿಗೆ ಗಂಡು ಹೆಸರು: ಯಾವ ದಾರಿ ಯಾರಿಗೆ ಹೊಂದುತ್ತದೆ

ಪ್ರತಿ ಜೂನ್ ತಿಂಗಳ ಮೊದಲ ವಾರ ಎಂಟನೆಯ ತರಗತಿಯ ಹಾಜರಿ ಪುಸ್ತಕವನ್ನು ಹೊಸದಾಗಿ ಬರೆಯುವುದು ನನ್ನ ಪಾಲಿನ ಕೆಲಸ. ವರ್ಗಾವಣೆ ಪತ್ರಗಳ ಕಟ್ಟನ್ನು ಮುಂದಿಟ್ಟುಕೊಂಡು ಹುಡುಗರನ್ನು ಒಂದು ಪಟ್ಟಿಯಲ್ಲಿ, ಹುಡುಗಿಯರನ್ನು ಇನ್ನೊಂದು ಪಟ್ಟಿಯಲ್ಲಿ ಬರೆಯುವುದು ನಮ್ಮಲ್ಲಿ ರೂಢಿ. ಒಂದು ವರ್ಷ ಹೆಸರನ್ನಷ್ಟೇ ನೋಡಿ ‘ಕಿರಣ್’ ಎಂಬುದನ್ನು ಹುಡುಗರ ಪಟ್ಟಿಯಲ್ಲಿ ಸೇರಿಸಿಬಿಟ್ಟೆ. ಮರುದಿನ ಹಾಜರಿ ಕೂಗಿದಾಗ ಎರಡನೆಯ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ನಾನೇ ಮಿಸ್, ಬೆಳಕಿನ ಕಿರಣ ಅಂತ ನಮ್ಮಪ್ಪ ಇಟ್ಟಿದ್ದು” ಎಂದಳು. ಆ ಮಾತಿನಲ್ಲಿ ಸಂಕೋಚವಿರಲಿಲ್ಲ. ಪ್ರತಿ ವರ್ಷವೂ ಹೇಳಿ ಅಭ್ಯಾಸವಾದ ವಿವರಣೆಯಂತೆ ಅದು ಸಲೀಸಾಗಿ ಬಂತು. ಪತ್ರದಲ್ಲಿ ‘ಹೆಣ್ಣು’ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ತಪ್ಪು ಹೆಸರಿನದಲ್ಲ, ಓದಿದ ನನ್ನದು.

ಅಂದಿನಿಂದ ಈ ವಿಷಯ ನನ್ನ ಮನಸ್ಸಿನಿಂದ ದೂರವಾಗಿಲ್ಲ. ಹೊಸದಾಗಿ ತಂದೆತಾಯಿಯಾದವರು, ಅವರಲ್ಲಿ ಕೆಲವರು ನನ್ನ ಹಳೆಯ ವಿದ್ಯಾರ್ಥಿಗಳೇ, ಮಗಳಿಗೆ ಗಂಡು ಹೆಸರಿಡಬಹುದೇ ಎಂದು ಕೇಳಿದಾಗ ನಾನು ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳುವುದಿಲ್ಲ. ಏಕೆಂದರೆ ದಾರಿ ಒಂದಲ್ಲ. ಗಂಡು ಹೆಸರನ್ನು ಇದ್ದ ಹಾಗೆಯೇ ಇಡಬಹುದು. ಅದನ್ನು ಕನ್ನಡದ ರೀತಿಯಲ್ಲಿ ಹೆಣ್ಣಾಗಿಸಿ ಇಡಬಹುದು. ಇಬ್ಬರಿಗೂ ಸಲ್ಲುವ ಹೆಸರನ್ನು ಆರಿಸಬಹುದು. ಅಥವಾ ದಾಖಲೆಗೊಂದು, ಕರೆಯಲೊಂದು ಎಂದು ಎರಡು ಹೆಸರು ಇಟ್ಟುಕೊಳ್ಳಬಹುದು.

ದಾರಿ ಆರಿಸುವ ಮೊದಲು ಕಾರಣವನ್ನು ನೋಡಬೇಕು. ತೀರಿಕೊಂಡ ಅಜ್ಜನ ಹೆಸರು ಉಳಿಯಬೇಕೆಂಬುದು ಒಂದು ಕಾರಣ. ಹೆಸರಿನ ಅರ್ಥವೋ ನಾದವೋ ಹಿಡಿಸಿತು, ಅದು ಗಂಡುಮಕ್ಕಳಿಗೆ ಮಾತ್ರ ಮೀಸಲು ಏಕೆ ಎಂಬುದು ಇನ್ನೊಂದು. ಇವೆರಡೂ ಗೌರವದ ಕಾರಣಗಳು. ಬಾಯಿಬಿಟ್ಟು ಹೇಳದ ಮೂರನೆಯ ಕಾರಣವೊಂದಿದೆ: ಗಂಡು ಕೂಸಿಗೆಂದು ತೆಗೆದಿಟ್ಟಿದ್ದ ಹೆಸರು, ಹುಟ್ಟಿದ್ದು ಹೆಣ್ಣು; ಅದನ್ನೇ ಇಟ್ಟರೆ ಮುಂದಿನದಾದರೂ ಗಂಡಾದೀತೆಂಬ ಆಸೆ. ಹೆಣ್ಣುಮಕ್ಕಳು ಸಾಕು ಎಂದು ‘ಸಾಕಮ್ಮ’, ‘ಸಾಕವ್ವ’ ಎಂದು ಹೆಸರಿಟ್ಟ ಊರುಗಳು ನಮ್ಮವೇ. ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ಬೇಡವಾದವಳು’ ಎಂಬ ಅರ್ಥದ ‘ನಕುಶಾ’ ಹೆಸರನ್ನು ಹೊತ್ತಿದ್ದ ನೂರಾರು ಹುಡುಗಿಯರಿಗೆ 2011ರಲ್ಲಿ ಜಿಲ್ಲಾಡಳಿತವೇ ಸಮಾರಂಭ ಮಾಡಿ ಹೊಸ ಹೆಸರು ಕೊಡಬೇಕಾಯಿತು. ಸಾಕಮ್ಮ ಎಂಬ ಹೆಸರನ್ನು ಗೆದ್ದು ನಿಂತವರೂ ಇದ್ದಾರೆ ಎಂಬುದು ಸಮಾಧಾನದ ಸಂಗತಿ. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ ‘ಕಾಫಿಪುಡಿ ಸಾಕಮ್ಮ’ ಎಂದೇ ಹೆಸರಾದವರ ನೆನಪು ಬಸವನಗುಡಿಯ ಸಾಕಮ್ಮ ಗಾರ್ಡನ್‌ನಲ್ಲಿ ಇಂದಿಗೂ ಉಳಿದಿದೆ. ಆದರೆ ಗೆಲ್ಲುವ ಭಾರವನ್ನು ಕೂಸಿನ ಮೇಲೆ ಹೊರಿಸಬಾರದು. ನಾನು ಕೇಳುವ ಪ್ರಶ್ನೆ ಒಂದೇ: ಹತ್ತು ವರ್ಷದ ಮಗಳು “ನನಗೆ ಈ ಹೆಸರು ಯಾಕಿಟ್ಟಿರಿ?” ಎಂದಾಗ, ಅವಳ ಮುಖ ನೋಡಿ ಪೂರ್ತಿ ಉತ್ತರ ಹೇಳಬಲ್ಲಿರಾ? ಹೇಳಬಲ್ಲೆವೆಂದರೆ ಮುಂದಿನದು ಭಾಷೆಯ ಪ್ರಶ್ನೆ, ಕಾಗದಪತ್ರದ ಪ್ರಶ್ನೆ, ಎರಡಕ್ಕೂ ಪರಿಹಾರವಿದೆ. ಹೇಳಲಾರೆವೆಂದರೆ ಆ ಹೆಸರನ್ನು ಅಲ್ಲಿಗೇ ಬಿಡಿ.

ಮುಂದೆ ಉದ್ಯೋಗದಲ್ಲಿ ಅನುಕೂಲವಾಗಲಿ ಎಂದು ಗಂಡು ಹೆಸರು ಹುಡುಕುವವರೂ ಇದ್ದಾರೆ. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ವಕೀಲರನ್ನು ಕುರಿತ 2009ರ ಒಂದು ಅಧ್ಯಯನದಲ್ಲಿ, ಗಂಡಸರಲ್ಲಿ ಹೆಚ್ಚು ಬಳಕೆಯಿರುವ ಹೆಸರಿನ ಮಹಿಳೆಯರು ನ್ಯಾಯಾಧೀಶರಾಗುವ ಸಾಧ್ಯತೆ ಹೆಚ್ಚೆಂದು ಕಂಡುಬಂದದ್ದುಂಟು. ಆದರೆ ಅದು ಆ ನಾಡಿನ, ಆ ವೃತ್ತಿಯ ಮಾತು. ಅದನ್ನು ನಂಬಿ ಇಲ್ಲಿ ತೊಟ್ಟಿಲಿಗೆ ಹೆಸರು ಕಟ್ಟುವುದು ನನಗೆ ಸರಿಯೆನಿಸುವುದಿಲ್ಲ.

ಈಗ ಮೊದಲನೆಯ ದಾರಿ, ಗಂಡು ಹೆಸರನ್ನು ಇದ್ದ ಹಾಗೆಯೇ ಇಡುವುದು. ಇಲ್ಲಿ ಗಮನಿಸಬೇಕಾದದ್ದು ಹೆಸರಿನ ಕೊನೆಯ ಅಕ್ಷರ. ಕನ್ನಡದಲ್ಲಿ ಅಕಾರದಿಂದ ಮುಗಿಯುವ ಗಂಡು ಹೆಸರಿಗೆ ವಿಭಕ್ತಿ ಹತ್ತುವಾಗ ನಡುವೆ ನಕಾರ ಬರುತ್ತದೆ: ರಾಮನಿಗೆ, ರಾಮನಿಂದ, ರಾಮನ ಪುಸ್ತಕ. ಹೆಣ್ಣಿನ ಹೆಸರಾದರೆ ಅಲ್ಲಿ ಳಕಾರ: ಸುಜಾತಳಿಗೆ, ಕಾವ್ಯಳ ಪುಸ್ತಕ. ಹಾಗಾಗಿ ಮಗಳಿಗೆ ‘ಅರ್ಜುನ’ ಎಂದು ಹೆಸರಿಟ್ಟರೆ ಮನೆಯವರ ನಾಲಿಗೆ ದಿನಕ್ಕೆ ಹತ್ತು ಸಲ ‘ಅರ್ಜುನನಿಗೆ ಊಟ ಹಾಕು’ ಎಂದೇ ಹೊರಳುತ್ತದೆ. ತಿದ್ದಿಕೊಂಡು ‘ಅರ್ಜುನಳಿಗೆ’ ಎಂದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಅದೇ ಹೆಸರನ್ನು ‘ಅರ್ಜುನ್’ ಎಂದು ವ್ಯಂಜನದಲ್ಲಿ ನಿಲ್ಲಿಸಿದರೆ ‘ಅರ್ಜುನ್‌ಗೆ ಊಟ ಹಾಕು’ ಎನ್ನಬಹುದು. ಅಲ್ಲಿ ನಕಾರವೂ ಇಲ್ಲ, ಳಕಾರವೂ ಇಲ್ಲ.

ಇಕಾರ, ಉಕಾರಗಳಲ್ಲಿ ಮುಗಿಯುವ ಹೆಸರುಗಳು ಇನ್ನೂ ಸುಗಮ. ‘ರವಿಗೆ’, ‘ಗೌರಿಗೆ’ ಎರಡಕ್ಕೂ ರೂಪ ಒಂದೇ. ‘ಮಧುವಿನ’, ‘ವಿಷ್ಣುವಿನ’ ಎಂಬಲ್ಲಿಯೂ ಲಿಂಗದ ಗುರುತಿಲ್ಲ. ರವಿ, ಮುರಳಿ, ಮಾರುತಿ, ಶಶಿ ಮುಂತಾದ ಹೆಸರುಗಳನ್ನು ಹೆಣ್ಣುಮಗುವಿಗೆ ಇಟ್ಟರೆ ವ್ಯಾಕರಣ ಎಲ್ಲಿಯೂ ಮುಗ್ಗರಿಸುವುದಿಲ್ಲ, ಕ್ರಿಯಾಪದದಲ್ಲಿ ‘ಬಂದಳು’ ಎಂದು ಮಾತ್ರ ತಿಳಿಯುತ್ತದೆ. ಗಂಡು ಹೆಸರನ್ನೇ ಇಡುತ್ತೇವೆಂದು ಮನಸ್ಸು ಮಾಡಿದವರಿಗೆ ನನ್ನ ಸಲಹೆ ಈ ಗುಂಪಿನಿಂದಲೇ ಆರಿಸಿ ಎಂಬುದು. ಇನ್ನೊಂದು ಸಂಗತಿ: ಈ ತೊಡಕು ಉಳಿಯುವುದು ಏಕವಚನದ ವಯಸ್ಸಿನವರೆಗೆ ಮಾತ್ರ. ಹುಡುಗಿ ಬೆಳೆದು ಬಹುವಚನಕ್ಕೆ ಅರ್ಹಳಾದ ಮೇಲೆ ‘ಅರ್ಜುನ್ ಅವರು ಬಂದರು’ ಎಂಬಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಗೌರವವಷ್ಟೇ ಇದೆ. ಎಳೆಯ ಹೆಣ್ಣುಮಕ್ಕಳನ್ನು ಮುದ್ದಿನಿಂದ ‘ಬಾರೋ ಮಗನೇ’ ಎಂದು ಕರೆಯುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಲ್ಲಿ ಯಾರಿಗೂ ಅದು ವಿಚಿತ್ರವೆನಿಸಿಲ್ಲ.

ಅಪ್ಪ, ಅಯ್ಯ, ಅಣ್ಣ ಎಂದು ಮುಗಿಯುವ ಹೆಸರುಗಳನ್ನು ಮಾತ್ರ ಇದ್ದ ಹಾಗೆ ಇಡಲಾಗದು. ಬಸಪ್ಪ, ಸಿದ್ಧಯ್ಯ, ಕರಿಯಣ್ಣ ಇವುಗಳಲ್ಲಿ ಬಾಲವಾಗಿರುವುದು ಸಂಬಂಧವಾಚಕ. ಆದರೆ ನಮ್ಮ ಭಾಷೆಯ ಅಚ್ಚುಕಟ್ಟು ಕಾಣುವುದು ಅಲ್ಲಿಯೇ, ಏಕೆಂದರೆ ಎರಡನೆಯ ದಾರಿ ಅಲ್ಲಿಂದಲೇ ತೆರೆಯುತ್ತದೆ.

ಕನ್ನಡದ ಹಳ್ಳಿಗಳು ಮಗಳಿಗೆ ಗಂಡುದೇವರ ಹೆಸರಿಡಲು ಯಾವತ್ತೂ ಹಿಂಜರಿದಿಲ್ಲ. ಮಲ್ಲಪ್ಪನಿಗೆ ಮಲ್ಲವ್ವ, ಈರಪ್ಪನಿಗೆ ಈರವ್ವ, ನಿಂಗಪ್ಪನಿಗೆ ನಿಂಗಮ್ಮ, ಸಿದ್ದಪ್ಪನಿಗೆ ಸಿದ್ದಮ್ಮ, ಹನುಮಪ್ಪನಿಗೆ ಹನುಮಕ್ಕ. ದೇವರ ಹೆಸರು ಹಾಗೆಯೇ ಇರುತ್ತದೆ, ಬಾಲದ ಸಂಬಂಧ ಬದಲಾಗುತ್ತದೆ, ಅಷ್ಟೇ. ಇದು ಒಮ್ಮುಖವೂ ಅಲ್ಲ: ಗಂಗಪ್ಪ, ದುರ್ಗಪ್ಪ, ಯಲ್ಲಪ್ಪ, ದ್ಯಾಮಪ್ಪ ಎಂಬ ಗಂಡಸರು ಹೊತ್ತಿರುವುದು ದೇವಿಯರ ಹೆಸರುಗಳನ್ನು. ಆಲದ ಸಾಲುಗಳನ್ನು ಬೆಳೆಸಿ 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿರುವುದು ತಿರುಪತಿಯ ತಿಮ್ಮಪ್ಪ. ಪಾವಗಡದ ಕಡೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಅದೇ ಗೌರವಕ್ಕೆ ಪಾತ್ರರಾದ ಸೂಲಗಿತ್ತಿ ನರಸಮ್ಮನವರ ಹೆಸರಿನಲ್ಲಿರುವುದು ನರಸಿಂಹ. ಚಿತ್ರದುರ್ಗದ ಒನಕೆ ಓಬವ್ವನ ಹೆಸರಿನಲ್ಲಿ ಕೇಳಿಸುವುದೂ ಓಬಳದ ನರಸಿಂಹನೇ. ಗಂಡು ಹೆಸರಿಟ್ಟರೆ ಹೆಣ್ಣುತನಕ್ಕೆ ಕೊರತೆಯಾದೀತು ಎಂದು ಅಂಜುವವರು ಈ ಮೂವರನ್ನು ನೆನೆದರೆ ಸಾಕು.

ಇಂದಿನ ತಾಯಂದಿರ ಆಕ್ಷೇಪವೂ ನನಗೆ ಅರ್ಥವಾಗುತ್ತದೆ. ಅವ್ವ, ಅಮ್ಮ, ಅಕ್ಕ ಎಂದು ಮುಗಿಯುವ ಹೆಸರು ಹಳೆಯ ಕಾಲದ್ದೆನಿಸುತ್ತದೆ, ಶಾಲೆಯಲ್ಲಿ ಕೀಟಲೆಗೆ ದಾರಿಯಾಗುತ್ತದೆ ಎಂಬ ಆತಂಕ ಅವರದು. ಅಂಥವರಿಗೆ ಸಂಸ್ಕೃತದ ಮಾದರಿಯಿದೆ. ಮಹಾದೇವನಿಂದ ಮಹಾದೇವಿ ಎಂಬುದು ಹನ್ನೆರಡನೆಯ ಶತಮಾನದ ಅಕ್ಕನ ಹೆಸರಾಗಿ ಮನೆಮಾತಾಯಿತು. ನಾರಾಯಣನಿಂದ ನಾರಾಯಣಿ, ಮಾಧವನಿಂದ ಮಾಧವಿ, ಶಂಕರನಿಂದ ಶಂಕರಿ ಎಲ್ಲರಿಗೂ ತಿಳಿದವು. ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದ ಬಸವರಾಜೇಶ್ವರಿಯವರ ಹೆಸರಿನಲ್ಲಿ ಬಸವರಾಜ ಪೂರ್ತಿಯಾಗಿಯೇ ಇದ್ದಾನೆ. ಮಹಾಭಾರತದಲ್ಲಂತೂ ಶಂತನುವಿನ ಮಗ ಚಿತ್ರಾಂಗದ, ಮಣಿಪುರದ ರಾಜಕುಮಾರಿ ಚಿತ್ರಾಂಗದಾ. ನಡುವೆ ಇರುವುದು ಒಂದು ದೀರ್ಘ ಮಾತ್ರ. ಆಕೆಯನ್ನು ತಂದೆ ಮಗನ ಸ್ಥಾನದಲ್ಲಿಟ್ಟು ಬೆಳೆಸಿದನೆಂಬುದೂ ಕಥೆಯಲ್ಲಿಯೇ ಇದೆ.

ಆ ಒಂದು ದೀರ್ಘದ ಬಗ್ಗೆ ಎಚ್ಚರ ಹೇಳಬೇಕು. ಹೆಣ್ಣಿನ ಹೆಸರು ಸುಲಭವಾಗಿ ಉಚ್ಚರಿಸುವಂತಿದ್ದು ದೀರ್ಘಸ್ವರದಲ್ಲಿ ಮುಗಿಯಬೇಕೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸುತ್ತದೆ. ಆದರೆ ಕನ್ನಡದ ಉಚ್ಚಾರಣೆ ಆ ದೀರ್ಘವನ್ನು ಉಳಿಸಿಕೊಳ್ಳುವುದಿಲ್ಲ. ಲತಾ ಎಂಬುದನ್ನು ನಾವು ಲತೆ ಎನ್ನುತ್ತೇವೆ, ಇಲ್ಲವೇ ಲತ ಎಂದು ಮೊಟಕು ಮಾಡುತ್ತೇವೆ. ವಿಜಯ–ವಿಜಯಾ, ವಿನಯ–ವಿನಯಾ, ಚೇತನ–ಚೇತನಾ ಎಂಬ ಜೋಡಿಗಳು ಬಾಯಲ್ಲಿ ಒಂದೇ ಆಗುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗಲೂ ಕೊನೆಯಲ್ಲಿ ಉಳಿಯುವುದು ಒಂದೇ ‘ಎ’. ದೀರ್ಘವೊಂದನ್ನೇ ನಂಬಿ ಹೆಣ್ಣಾಗಿಸಿದ ಹೆಸರು ಕಾಗದದ ಮೇಲೆ ಮತ್ತೆ ಗಂಡಾಗುತ್ತದೆ ಎಂಬುದನ್ನು ತಿಳಿದೇ ಇಡಬೇಕು. ‘ಶಿವಾ’ ಎಂಬುದಕ್ಕೆ ಇನ್ನೂ ಒಂದು ತೊಡಕು: ಸಂಸ್ಕೃತದಲ್ಲಿ ಅದು ಪಾರ್ವತಿಯ ಹೆಸರು, ನರಿಗೂ ಅದೇ ಪದ, ಕನ್ನಡದ ಕಿವಿಗಂತೂ ಅದು ಶಿವನನ್ನು ಕೂಗಿದಂತೆಯೇ ಕೇಳಿಸುತ್ತದೆ. ಅಂಥಲ್ಲಿ ಶಿವಾನಿ, ಶಾಂಭವಿ ವಾಸಿ.

ಮೂರನೆಯ ದಾರಿ, ಇಬ್ಬರಿಗೂ ಸಲ್ಲುವ ಹೆಸರು. ಸಂಸ್ಕೃತದಲ್ಲಿ ನಪುಂಸಕವಾದ ಕಾವ್ಯ, ಲಾವಣ್ಯ, ಸೌಜನ್ಯಗಳು ಕನ್ನಡದಲ್ಲಿ ಹೆಣ್ಣುಮಕ್ಕಳ ಹೆಸರಾಗಿವೆ. ಅಲ್ಲಿ ಪುಲ್ಲಿಂಗವಾದ ಚೈತ್ರ ಇಲ್ಲಿ ಚೈತ್ರಾ ಎಂದು ಹುಡುಗಿಯರ ಪಟ್ಟಿಯಲ್ಲಿದೆ. ಹೆಂಡತಿಯೆಂಬ ಅರ್ಥಕ್ಕೆ ಸಂಸ್ಕೃತದಲ್ಲಿ ಭಾರ್ಯಾ ಎಂಬ ಸ್ತ್ರೀಲಿಂಗ, ದಾರಾ ಎಂಬ ಪುಲ್ಲಿಂಗ, ಕಲತ್ರ ಎಂಬ ನಪುಂಸಕಲಿಂಗ ಮೂರೂ ಇವೆ. ಪದದ ಲಿಂಗವೇ ಬೇರೆ, ವ್ಯಕ್ತಿಯ ಲಿಂಗವೇ ಬೇರೆ. ಕನ್ನಡದಲ್ಲಿ ಲಿಂಗ ನಿರ್ಧಾರವಾಗುವುದು ಅರ್ಥದಿಂದ, ಆದ್ದರಿಂದ ಹೆಸರು ಯಾರನ್ನು ಸೂಚಿಸುತ್ತದೆಯೋ ಅವರ ಲಿಂಗವೇ ಅದಕ್ಕೆ ಬರುತ್ತದೆ. ಈ ಸ್ವಾತಂತ್ರ್ಯವನ್ನು ನಾವು ಇನ್ನೂ ಧಾರಾಳವಾಗಿ ಬಳಸಬಹುದು.

ಕಿರಣ್ ಹೆಸರನ್ನೇ ನೋಡಿ. 2015ರಿಂದ 2018ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದವರು ಎ.ಎಸ್. ಕಿರಣ್ ಕುಮಾರ್, 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಸ್ಥಾಪಿಸಿದವರು ಕಿರಣ್ ಮಜುಂದಾರ್ ಷಾ. ಒಂದೇ ನಗರದಲ್ಲಿ ಒಂದೇ ಹೆಸರು ಎರಡು ಕಡೆ ಸಲೀಸಾಗಿ ನಿಂತಿದೆ. ಪಂಜಾಬಿನ ಸಿಖ್ಖರಲ್ಲಿ ಇದು ಇಡೀ ಸಮುದಾಯದ ಪದ್ಧತಿ: ಭಾರತ ಮಹಿಳಾ ಕ್ರಿಕೆಟ್ ತಂಡದ ನಾಯಕಿ ಹರ್ಮನ್‌ಪ್ರೀತ್ ಕೌರ್, ಪುರುಷರ ಹಾಕಿ ತಂಡದ ನಾಯಕರಾಗಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು ಹರ್ಮನ್‌ಪ್ರೀತ್ ಸಿಂಗ್. ಅಲ್ಲಿ ಹೆಸರು ಇಬ್ಬರದು, ಗುರುತು ಹೇಳುವುದು ಕೌರ್ ಮತ್ತು ಸಿಂಗ್. ನಮ್ಮಲ್ಲಿ ಹಾಗೆ ಗುರುತು ಹೇಳುವ ಬಾಲವಿಲ್ಲ, ಹೆಸರಿನ ಹಿಂದೆ ಬರುವುದು ಹೆಚ್ಚಾಗಿ ತಂದೆಯ ಹೆಸರು. ‘ಶಶಿ’ ಎಂಬ ಮಗಳಿಗೆ ‘ಮಹೇಶ್’ ಎಂಬ ತಂದೆಯ ಹೆಸರು ಸೇರಿ ‘ಶಶಿ ಮಹೇಶ್’ ಆದರೆ ಓದುವವರಿಗೆ ಎಲ್ಲಿಯೂ ಸುಳಿವು ಸಿಗದು. ಸುಳಿವು ಬೇಕೆನಿಸುವವರು ತಾಯಿಯ ಹೆಸರನ್ನು ಸೇರಿಸಬಹುದು. ಅದು ನನಗೆ ಇಷ್ಟವಾದ ಉಪಾಯ.

ವಿದೇಶದಲ್ಲಿರುವ ಕನ್ನಡಿಗರು ಕೇಳುವುದು ಬೇರೆ: ಅಲ್ಲಿಯ ಕಾನೂನು ಒಪ್ಪುತ್ತದೆಯೇ ಎಂದು. ಜರ್ಮನಿಯಲ್ಲಿ ಮಗುವಿನ ಹೆಸರು ಲಿಂಗವನ್ನು ಸೂಚಿಸಬೇಕೆಂದು ನೋಂದಣಿ ಅಧಿಕಾರಿಗಳು ಹಿಂದೆ ಪಟ್ಟು ಹಿಡಿಯುತ್ತಿದ್ದರು. ಹೆಣ್ಣುಮಗುವೊಂದಕ್ಕೆ ಇಟ್ಟ ಹೆಸರನ್ನು ಹೀಗೆ ನಿರಾಕರಿಸಿದಾಗ ತಂದೆತಾಯಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋದರು. ಹೆಸರು ಲಿಂಗವನ್ನು ಸೂಚಿಸಲೇಬೇಕೆಂಬ ನಿಯಮ ಕಾನೂನಿನಲ್ಲಿಲ್ಲ ಎಂದು 2008ರ ಡಿಸೆಂಬರ್ 5ರಂದು ನ್ಯಾಯಾಲಯ ತೀರ್ಪಿತ್ತಿತು. ಆ ಹೆಸರು ಕಿರಣ್. ತೀರ್ಪಿನ ವಿಷಯ ತಿಳಿದ ದಿನ ನನಗೆ ನೆನಪಾದದ್ದು ಎರಡು ಜಡೆಯ ನನ್ನ ವಿದ್ಯಾರ್ಥಿನಿ.

ಭಾರತದಲ್ಲಿ ಇಂಥ ಹೆಸರು ಗಂಡಿಗೆ, ಇಂಥದ್ದು ಹೆಣ್ಣಿಗೆ ಎಂದು ಯಾವ ಕಾನೂನೂ ಹೇಳುವುದಿಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಹೆಸರು ನಿರ್ಧಾರವಾಗಿರದಿದ್ದರೆ ಹೆಸರಿಲ್ಲದೆಯೇ ನೋಂದಾಯಿಸಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಅರ್ಜಿ ಮುಂದಿಟ್ಟ ಕೂಡಲೇ ಅವಸರದಲ್ಲಿ ಹೆಸರು ಬರೆಯಬೇಕಾಗಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ, ಸ್ಥಳಗಳ ಆಧಾರವಾಗಿರುವುದರಿಂದ ಅದರಲ್ಲಿ ಹೆಸರಿನ ಕಾಗುಣಿತ ಮತ್ತು ಲಿಂಗದ ಕಾಲಂ ಎರಡನ್ನೂ ಕೈಗೆ ಬಂದ ದಿನವೇ ಓದಿ ನೋಡಬೇಕು. ಗಂಡು ಹೆಸರನ್ನು ಕಂಡು ಟೈಪ್ ಮಾಡುವವರು ಅಭ್ಯಾಸಬಲದಿಂದ ‘ಗಂಡು’ ಎಂದು ಹಾಕಿಬಿಡುವ ಸಾಧ್ಯತೆ ಇದ್ದೇ ಇದೆ. ನಾನೇ ಮಾಡಿದ ತಪ್ಪು ಅದು.

ಉಳಿದದ್ದು ನಾಲ್ಕನೆಯ ದಾರಿ, ಎರಡು ಹೆಸರು. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ನಾಲ್ಕು ಹೆಸರಿಡುವ ಪದ್ಧತಿಯಿರುವ ಮನೆಗಳಲ್ಲಿ ಅಜ್ಜನ ಹೆಸರಿಗೆ ಅಕ್ಕಿಯ ತಟ್ಟೆಯಲ್ಲಿಯೇ ಜಾಗ ಸಿಗುತ್ತದೆ. ಹಿರಿಯರಿಗೂ ತೃಪ್ತಿ, ದಾಖಲೆಗೂ ತೊಡಕಿಲ್ಲ. ಆದರೂ ನಾನು ಈ ದಾರಿಯನ್ನು ಕೊನೆಯಲ್ಲಿಡುತ್ತೇನೆ. ದಾಖಲೆಯಲ್ಲಿ ಬರೆಯದ ಹೆಸರು ಒಂದು ತಲೆಮಾರು ದಾಟುವುದು ಕಷ್ಟ, ಹೆಸರು ಉಳಿಯಲಿ ಎಂಬುದೇ ಉದ್ದೇಶವಾದರೆ ಅದು ಈಡೇರುವುದಿಲ್ಲ.

ಒಟ್ಟಿನಲ್ಲಿ, ಅಜ್ಜನ ನೆನಪೇ ಕಾರಣವಾದರೆ ಎರಡನೆಯ ದಾರಿಯೇ ಮೇಲೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಅರ್ಥವೋ ನಾದವೋ ಕಾರಣವಾದರೆ ಮೂರನೆಯದು, ಅದರಲ್ಲಿ ಮನಸ್ಸಿಗೆ ಹಿಡಿಸುವ ಹೆಸರು ಸಿಗದಿದ್ದರೆ ಇಕಾರ, ಉಕಾರ ಅಥವಾ ವ್ಯಂಜನದಲ್ಲಿ ಮುಗಿಯುವ ಗಂಡು ಹೆಸರು. ಯಾವುದನ್ನೇ ಆರಿಸಿದರೂ ಮೂರು ವಾಕ್ಯಗಳಲ್ಲಿ ಅದನ್ನು ಗಟ್ಟಿಯಾಗಿ ಹೇಳಿ ನೋಡಿ: ಊಟಕ್ಕೆ ಕರೆಯುವ ವಾಕ್ಯ, ‘ಅವಳಿಗೆ ಕೊಡು’ ಎಂಬ ವಾಕ್ಯ, ಅವಳು ಮನೆಯಲ್ಲಿಲ್ಲದಾಗ ಅವಳ ಬಗ್ಗೆ ಆಡುವ ವಾಕ್ಯ. ನಾಲಿಗೆ ಎಲ್ಲಿಯೂ ತಡವರಿಸಬಾರದು.

ಅಜ್ಜಿಯನ್ನೂ ಒಂದು ಮಾತು ಕೇಳಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹಿರಿಯ ಹೆಂಗಸರು ನಮ್ಮಲ್ಲಿ ಇನ್ನೂ ಇದ್ದಾರೆ. ಅಜ್ಜನ ಹೆಸರನ್ನು ಇದ್ದ ಹಾಗೆಯೇ ಮೊಮ್ಮಗಳಿಗೆ ಇಟ್ಟರೆ ಅಜ್ಜಿ ಕೂಸನ್ನು ಕರೆಯುವುದೇ ಕಷ್ಟವಾಗುತ್ತದೆ. ನಮ್ಮ ಓಣಿಯ ಒಂದು ಮನೆಯಲ್ಲಿ ಹೀಗೇ ಆಗುವುದರಲ್ಲಿತ್ತು. ಅಜ್ಜನ ಹೆಸರು ಮಲ್ಲಿಕಾರ್ಜುನ. ಮಗ ‘ಅರ್ಜುನ್’ ಎಂದಿಡುವ ಯೋಚನೆಯಲ್ಲಿದ್ದ, ಸೊಸೆಗೆ ‘ಮಲ್ಲಿಕಾ’ ಇಷ್ಟವಾಗಿತ್ತು. ಮಲ್ಲಿಕಾ ಎಂದರೆ ಮಲ್ಲಿಗೆ, ಅದರಲ್ಲಿ ಮಾವನವರ ನೆನಪು ಯಾರಿಗೂ ಹತ್ತುವುದಿಲ್ಲ ಎಂದು ನಾನು ಹೇಳಿದೆ. ಹೆಸರಿನ ಚರ್ಚೆ ನಡೆದಷ್ಟು ಹೊತ್ತೂ ಅಜ್ಜಿ ಒಂದು ಮಾತೂ ಆಡಲಿಲ್ಲ. ಕೂಸು ಅತ್ತಾಗ ಎದ್ದುಹೋಗಿ ತೊಟ್ಟಿಲು ತೂಗುತ್ತ, “ಯಾಕವ್ವಾ ಮಲ್ಲವ್ವಾ, ಯಾಕ ಅಳತಿ?” ಎಂದರು. ಸೊಸೆ ಗಂಡನ ಮುಖ ನೋಡಿದಳು. ಈಗ ಆ ಮನೆಯ ಜನನ ಪ್ರಮಾಣಪತ್ರದಲ್ಲಿ ಮಲ್ಲಮ್ಮ ಎಂದಿದೆ.